ಬಣ್ಣ ಹೋದ ಪರದೆ, ಒಂಬತ್ತು ಕಟ್ಟು ಹಲಸಿನ ಕಡ್ಡಿ

ಒಂದು ಪ್ರಶ್ನೆ ಕೇಳುತ್ತೇನೆ, ನಿಜ ಹೇಳಬೇಕು. ಯಾರದ್ದೋ ಸಾಮಾನು ರಿಪೇರಿ ಮಾಡಿ, ಮೊದಲಿಗಿಂತ ಚೆನ್ನಾಗಿದೆ ಎಂದು ಹೇಳಿ ಕೊಟ್ಟು, ಮರುದಿನ ಬೆಳಿಗ್ಗೆಯೇ ಅವರಿಂದ ಫೋನು ಬಂದದ್ದು ನಿಮಗೂ ಇದೆಯೇ? ಮೊದಲು ಇದ್ದದ್ದು ಏನೋ ಒಂದು ಈಗ ಇಲ್ಲ ಅನ್ನುತ್ತಾರೆ. ಏನು ಇಲ್ಲ ಎಂದು ಅವರಿಗೂ ಹೇಳಲು ಬರುವುದಿಲ್ಲ, ನಿಮಗೂ ಹೊಳೆಯುವುದಿಲ್ಲ. ತಪ್ಪು ಯಾರದ್ದು ಎನ್ನುವುದು ಮಾತ್ರ ಇಬ್ಬರಿಗೂ ಗೊತ್ತು.

ನನಗೆ ಆಗಿದೆ. ತಪ್ಪು ನನ್ನದೇ. ಮುಚ್ಚಿಡುವ ಅಭ್ಯಾಸ ನನಗಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಅಂಗಡಿ. ಹೊರಗೆ ಜೆರಾಕ್ಸ್, ಆನ್‌ಲೈನ್ ಅರ್ಜಿ, ಲ್ಯಾಮಿನೇಶನ್. ಒಳಗೆ ಕಂಪ್ಯೂಟರ್ ರಿಪೇರಿ. ರಿಪೇರಿಯನ್ನು ನಾನೇ ಮಾಡುವುದು. ಮೊದಲ ಸಲ ಬಂದವರು "ಯಜಮಾನ್ರು ಇಲ್ವಾ" ಎಂದು ಕೇಳುತ್ತಾರೆ. "ಯಜಮಾನ್ರು ಮನೆಯಲ್ಲಿ ಅಡಿಗೆ ಮಾಡ್ತಾರೆ, ನಿಮಗೆ ಊಟ ಬೇಕಾ, ಲ್ಯಾಪ್‌ಟಾಪ್ ಸರಿಯಾಗ್ಬೇಕಾ" ಎಂದು ಕೇಳುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಮಾತು, ಇದೇ ಸ್ಕ್ರೂಡ್ರೈವರ್. ಹಾಗೆಂದು ಪ್ರೋಗ್ರಾಂ ಬರೆಯಲು ನನಗೆ ಬರುವುದಿಲ್ಲ. ಇನ್‌ಸ್ಟಾಲ್ ಮಾಡುವುದು, ಅಳಿಸುವುದು, ಬೂದಿ ಹಾರಿಸಿದ ಹಾಗೆ ಫ್ಯಾನಿನ ಧೂಳು ಹಾರಿಸುವುದು, ಇಷ್ಟು ಬರುತ್ತದೆ.

ನನ್ನ ಹಳೆಯ ಗಿರಾಕಿಗಳಲ್ಲಿ ಸುಳ್ಯದ ಹತ್ತಿರದ ಆಲೆಟ್ಟಿಯ ಒಬ್ಬರು ಮಾಷ್ಟ್ರು ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರಿಗೆ ಎರಡು ಹುಚ್ಚು ಹತ್ತಿತು. ಒಂದು, ಹಲಸು. ಪುತ್ತೂರು, ಸುಳ್ಯ, ಕಡಬ ಎಂದು ಮೂರೂ ತಾಲೂಕು ತಿರುಗಿ, ಯಾರ ಹಿತ್ತಿಲಲ್ಲಿ ಒಳ್ಳೆಯ ಹಲಸಿನ ಮರ ಇದೆಯೋ ಅಲ್ಲಿಂದ ಪೆನ್ಸಿಲ್ ದಪ್ಪದ ಕಡ್ಡಿ ತಂದು, ಬೀಜದ ಗಿಡಕ್ಕೆ ಕಸಿ ಕಟ್ಟಿಸುವುದು. ಇನ್ನೊಂದು, ಕಂಪ್ಯೂಟರು. ಬೇಸಗೆ ರಜೆಯಲ್ಲಿ ಬಂದ ಸೋದರಳಿಯನ ಹತ್ತಿರ ಪೈಥಾನ್ ಕಲಿತು, ಕಡ್ಡಿ ತಂದ ಮರಗಳ ಪಟ್ಟಿಗೆ ತಾವೇ ಒಂದು ಪ್ರೋಗ್ರಾಂ ಬರೆದುಕೊಂಡಿದ್ದರು. ಅಂದವಿಲ್ಲ, ಚಿತ್ರವಿಲ್ಲ, ಗುಂಡಿ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆದು ಸಾಲುಸಾಲಾಗಿ ಪಟ್ಟಿ ಬರುತ್ತದೆ, ಅಷ್ಟೇ.

ಅವರ ಲ್ಯಾಪ್‌ಟಾಪು ಆನ್ ಮಾಡಿದರೆ ಚಾ ಕುದಿದು ಇಳಿಯುವವರೆಗೂ ಏಳುತ್ತಿರಲಿಲ್ಲ. ಬಸ್ಸಿನಲ್ಲಿ ತಂದು ಕೊಟ್ಟರು. ನಾನು ಬೇಕಾದ ಕಡತಗಳನ್ನೆಲ್ಲ ತೆಗೆದಿಟ್ಟು, ಸಿ ಡ್ರೈವನ್ನು ಪೂರ್ತಿ ಅಳಿಸಿ, ವಿಂಡೋಸ್ ಹೊಸತಾಗಿ ಹಾಕಿ, ಪೈಥಾನ್ ಇತ್ತಲ್ಲ ಎಂದು ಅದರದ್ದೂ ಹೊಸ ಆವೃತ್ತಿ ಹಾಕಿ, ಸಂಜೆಯ ಬಸ್ಸಿಗೆ ಅವರ ಕೈಗೆ ಕೊಟ್ಟೆ. ಮರುದಿನ ಅಂಗಡಿಯ ಬಾಗಿಲು ಎತ್ತುವ ಮೊದಲೇ ಫೋನು.

"ಎಂತ ಮಾರಾಯ್ರೆ, ನನ್ನ ಪ್ರೋಗ್ರಾಮು ಓಪನ್ನೇ ಆಗುದಿಲ್ಲ."

"ಎಂತ ಬರ್ತದೆ ಮಾಷ್ಟ್ರೇ?"

"ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕೊನೆದ್ದು ಓದ್ತೇನೆ, ಕೇಳಿ. ಮಾಡ್ಯೂಲ್ ನಾಟ್ ಫೌಂಡ್ ಎರರ್. ನೋ ಮಾಡ್ಯೂಲ್ ನೇಮ್ಡ್ ಕಲರಾಮ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆ ಯಾರೋ ಬರೆದು ಊರಿಗೆಲ್ಲ ಬಿಟ್ಟಿಯಾಗಿ ಬಿಟ್ಟ ತುಂಡನ್ನು ತಂದು ಸೇರಿಸಿಕೊಳ್ಳುತ್ತಾರೆ. ಆ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಈ ಕಲರಾಮದ ಕೆಲಸ ಒಂದೇ, ಕಪ್ಪು ಕಿಟಕಿಯಲ್ಲಿ ಬರುವ ಅಕ್ಷರಕ್ಕೆ ಬಣ್ಣ ಹಚ್ಚುವುದು. ಬಿಳಿ ಅಕ್ಷರ ಕೆಂಪಾಗುತ್ತದೆ, ಹಿಂದಿನ ಕಪ್ಪು ನೆಲ ಹಳದಿಯಾಗುತ್ತದೆ. ನಾನು ಸಿ ಡ್ರೈವ್ ಅಳಿಸಿದಾಗ ಅದೂ ಹೋಗಿದೆ.

ನನಗೆ ನಗು ಬಂತು. ಮದುವೆಗೆ ಎಲ್ಲ ಬಂದು, ಹೂವಿನ ಅಲಂಕಾರದವನು ಬರಲಿಲ್ಲ ಎಂದು ಮುಹೂರ್ತ ನಿಂತ ಹಾಗಾಯಿತು ಇದು.

"ಬಣ್ಣದ್ದಲ್ವಾ, ಅಷ್ಟೇ ತಾನೆ. ಪ್ರೋಗ್ರಾಮಿನಲ್ಲಿ ಕಲರಾಮ ಅಂತ ಬರೆದ ಸಾಲು ಉಂಟಲ್ಲ, ಅದರ ಎದುರು ಒಂದು ಹ್ಯಾಶ್ ಹಾಕಿ, ಕಂಪ್ಯೂಟರ್ ಆ ಸಾಲನ್ನು ಬಿಟ್ಟು ಹೋಗ್ತದೆ. ಇನಿಟ್ ಅಂತ ಇನ್ನೊಂದು ಸಾಲು ಉಂಟು, ಅದಕ್ಕೂ ಹಾಕಿ. ಬಣ್ಣ ಬರುದಿಲ್ಲ, ಕೆಲಸ ನಡೀತದೆ."

ಹದಿನೈದು ನಿಮಿಷ ಬಿಟ್ಟು ಮತ್ತೆ ಫೋನು.

"ಓಪನ್ ಆಯ್ತು. ಆದರೆ ಪ್ರತಿ ಹೆಸರಿನ ಎದುರು ಎಡಕ್ಕೆ ತಿರುಗಿದ ಬಾಣ, ಒಂದು ಚೌಕದ ಬ್ರಾಕೆಟು, ನಂಬ್ರ, ಹಿಂದೆ ಒಂದು ಎಂ. ಬಣ್ಣ ಇಲ್ಲ."

"ಹೆಸರು ಓದ್ಲಿಕ್ಕೆ ಆಗ್ತದಲ್ಲ ಮಾಷ್ಟ್ರೇ. ಬಣ್ಣ ಎಂತಕ್ಕೆ, ಹೋಳಿ ಆಡ್ಲಿಕ್ಕುಂಟಾ?"

ತರಗತಿಯ ಕೊನೆಯ ಬೆಂಚಿನವನಿಗೆ ಎಷ್ಟನೇ ಸಲವೋ ಹೇಳಿಕೊಡುವ ಧ್ವನಿಯಲ್ಲಿ ಹೇಳಿದರು.

"ಹೆಸರು ಯಾರಿಗೆ ಬೇಕು. ನನಗೆ ಬೇಕಾದ್ದೇ ಬಣ್ಣ."

ಆಗ ಗೊತ್ತಾಯಿತು ನಾನು ಮಾಡಿದ ಅನಾಹುತ.

ಕಸಿಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ, ಒಣಗಬಾರದು. ಒದ್ದೆ ಗೋಣಿಯಲ್ಲಿ ಪೆನ್ನಿನ ಚೀಟಿ ಕರಗುತ್ತದೆ. ಮಾರ್ಕರ್ ಹಾಕಿದರೆ ಅಳಿಸುತ್ತದೆ. ಅಂಟಿಸಿದ್ದು ಎದ್ದು ಬರುತ್ತದೆ. ಮಾಷ್ಟ್ರು ಎಲ್ಲ ಮಾಡಿ ಸೋತು, ಕೊನೆಗೆ ಸುಳ್ಯದ ಟೈಲರ್ ಒಬ್ಬರಿಂದ ಬಣ್ಣಬಣ್ಣದ ನೂಲು ತಂದಿದ್ದರು. ನೂಲಿನ ಬಣ್ಣ ನೀರಿಗೆ ಹೋಗುವುದಿಲ್ಲ. ಪ್ರತಿ ಮರಕ್ಕೆ ಎರಡು ನೂಲು. ಮೇಲೊಂದು, ಕೆಳಗೊಂದು. ಯಾವ ಮರಕ್ಕೆ ಯಾವ ಜೋಡಿ ಎನ್ನುವುದನ್ನು ಪರದೆ ತೋರಿಸುತ್ತದೆ. ಅಕ್ಷರದ ಬಣ್ಣ ಯಾವುದೋ ಅದು ಮೇಲಿನ ನೂಲು, ಅಕ್ಷರದ ಹಿಂದಿನ ನೆಲದ ಬಣ್ಣ ಯಾವುದೋ ಅದು ಕೆಳಗಿನ ನೂಲು. ಕಟ್ಟಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಸಾಕು, ಓದಲೂ ಬೇಕಾಗಿಲ್ಲ. ಇಂಥ ಬುದ್ಧಿ ಗಣಿತದ ಮಾಷ್ಟ್ರಿಗೇ ಬರಬೇಕು.

ನಾನು ಅಲಂಕಾರ ಅಂದುಕೊಂಡದ್ದು ಅವರ ವಿಳಾಸದ ಚೀಟಿಯಾಗಿತ್ತು. ಅಷ್ಟನ್ನೂ ನಾನು ಅಳಿಸಿದ್ದೆ.

"ಹಾಗಾದ್ರೆ ಇವತ್ತು ಕಸಿ ಕಟ್ಟುದು ಬೇಡ, ನಾನು ನಾಳೆ ಸರಿ ಮಾಡಿಕೊಡ್ತೇನೆ" ಅಂದೆ.

"ಕಡ್ಡಿ ತಂದು ಮೂರನೇ ದಿನ. ನಾಳೆಗೆ ಒಲೆಗೆ ಹಾಕ್ಲಿಕ್ಕೆ ಆಗ್ತದೆ. ಅದರಲ್ಲೂ ಒಂದು ಕಟ್ಟು ಹಾಗೆ ಬಿಡ್ಲಿಕ್ಕೇ ಆಗುದಿಲ್ಲ ಮಾರಾಯ್ರೆ. ಆ ಮರವೇ ಈಗ ಇಲ್ಲ."

ಅಂಗಡಿಯ ಇಂಟರ್‌ನೆಟ್ಟಿನಿಂದ ಕಲರಾಮದ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಮಾಷ್ಟ್ರ ಮನೆಯಲ್ಲಿ ಇಂಟರ್‌ನೆಟ್ ಬರುವುದು ದನದ ಹಟ್ಟಿಯ ಹಿಂದಿನ ಬಂಡೆಕಲ್ಲಿನ ಮೇಲೆ ಮಾತ್ರ, ಅದೂ ಫೋನಿಗೆ ಮನಸ್ಸು ಬಂದರೆ. ಈಗಲೇ ಬರುತ್ತೇನೆ ಎಂದು ಮಾಷ್ಟ್ರಿಗೆ ತಿಳಿಸಿ, ಬಾಗಿಲು ಎಳೆದು ಸುಳ್ಯದ ಬಸ್ಸು ಹತ್ತಿದೆ.

ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಒಂದು ರಿಕ್ಷಾ ನಿಂತಿತ್ತು. ಮಾಷ್ಟ್ರು ಕಳಿಸಿದ್ದು. ರಿಕ್ಷಾದವರು ನನ್ನದೇ ಪ್ರಾಯದವರು, ಕಡಬದ ಕಡೆಯವರು. ಬ್ಯಾಗು ನೋಡಿದ್ದೇ ಕೇಳಿದರು.

"ಬಣ್ಣ ತೆಗೆದದ್ದು ನೀವೇಯಾ ಮೇಡಂ?"

"ಹೌದು, ನಾನೇ. ಹತ್ಬಹುದಾ, ಅಥವಾ ನಡೆದುಕೊಂಡು ಬರ್ಬೇಕಾ?"

"ಹತ್ತಿ ಹತ್ತಿ. ಹಾಕುವವರೂ ನೀವೇ ಅಲ್ವಾ."

ದಾರಿಯಲ್ಲಿ ತಿಳಿಯಿತು, ಇಲ್ಲದ ಮರ ಇವರದ್ದೇ. ಕಡಬದ ಹತ್ತಿರ ರಸ್ತೆಯ ಅಂಚಿನಲ್ಲಿ ಇವರ ಮನೆ. ಮನೆಯ ಎದುರು ಒಂದೇ ಹಲಸಿನ ಮರ, ಅದರ ಬುಡದಲ್ಲಿ ರಿಕ್ಷಾ ನಿಲ್ಲಿಸುತ್ತಿದ್ದರು. ರಸ್ತೆ ಅಗಲ ಆಗುವಾಗ ಮರ ಹೋಯಿತು. ಹೋಗುವುದು ಮೊದಲೇ ಗೊತ್ತಿತ್ತು, ಯಾವ ದಿನ ಎಂದು ಗೊತ್ತಿರಲಿಲ್ಲ. ಪುತ್ತೂರಿಗೆ ಬಾಡಿಗೆ ಹೋಗಿ ಬರುವಾಗ ಮರ ಮಲಗಿತ್ತು. ಮಾಷ್ಟ್ರಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ತುದಿಯ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಅದೇ ಸಂಜೆ ಆಲೆಟ್ಟಿಗೆ ತಂದು ಕೊಟ್ಟು ಹೋಗಿದ್ದರು.

"ಹಣ್ಣು ಅಷ್ಟು ಒಳ್ಳೆದಿತ್ತಾ?" ಎಂದು ಕೇಳಿದೆ.

ಅವರು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದರು. "ಮೇಡಂ, ನಮ್ಮಲ್ಲಿ ಬಸ್ಸಿಗೆ ಕಾಯುವವರು ಬಸ್ಸು ಬಂದ್ರೂ ಹತ್ತುತ್ತಿರಲಿಲ್ಲ. ಹಣ್ಣಿನ ಸೊಳೆ ತಿಂದು ಮುಗಿಸಿ ಮುಂದಿನ ಬಸ್ಸಿಗೆ ಹೋಗುದು."

ಹಾಗೆ ಹೇಳಿ ಆಲೆಟ್ಟಿಯ ದಾರಿಗೆ ರಿಕ್ಷಾ ತಿರುಗಿಸಿದರು.

ಮಾಷ್ಟ್ರ ಜಗಲಿಯಲ್ಲಿ ಚಾಪೆಯ ಮೇಲೆ ಒಂಬತ್ತು ಕಟ್ಟು ಕಡ್ಡಿ ಮಲಗಿತ್ತು. ಎಲೆಯೆಲ್ಲ ತೆಗೆದ ಬೋಳು ಕಡ್ಡಿಗಳು. ಒಂಬತ್ತೂ ನನ್ನ ಕಣ್ಣಿಗೆ ಒಂದೇ. ಪ್ರತಿ ಕಟ್ಟಿಗೆ ಎರಡೆರಡು ನೂಲು. ಚಾಪೆಯ ತುದಿಯಲ್ಲಿ ಕಸಿ ಕಟ್ಟುವ ಅಕ್ಕ ಕೂತಿದ್ದರು. ಅರುವತ್ತು ದಾಟಿದವರು, ಸಪೂರ. ಮಡಿಲಲ್ಲಿ ಕ್ಷೌರದ ಬ್ಲೇಡು, ಪ್ಲಾಸ್ಟಿಕ್ ಪಟ್ಟಿಯ ಸುರುಳಿ. ಸುಳ್ಯ, ಪುತ್ತೂರಿನ ಎಷ್ಟೋ ನರ್ಸರಿಗಳಲ್ಲಿ ಅವರೇ ಕಸಿ ಕಟ್ಟುವುದು, ಇವತ್ತು ಬಿಟ್ಟರೆ ಮಾಷ್ಟ್ರಿಗೆ ಅವರು ಸಿಗುವುದು ಮುಂದಿನ ವಾರ.

ಅಂಗಳದಲ್ಲಿ ಸಾಲಾಗಿ ಬೀಜದ ಗಿಡಗಳು. ಮೂವತ್ತೆರಡು. ನೂರು ಇತ್ತಂತೆ, ಕಾಡುಹಂದಿ ಒಂದೇ ಸಲ ನುಗ್ಗಿ ಉಳಿದದ್ದನ್ನೆಲ್ಲ ಉತ್ತು ಹಾಕಿತ್ತು. ಹಾಗಾಗಿ ಲೆಕ್ಕ ಇಷ್ಟೇ. ಗಿಡ ಮೂವತ್ತೆರಡು, ಕಟ್ಟು ಒಂಬತ್ತು. ಎಂಟು ಕಟ್ಟಿನ ಮರಗಳು ಅಲ್ಲಲ್ಲಿ ನಿಂತಿವೆ, ಬೇಕೆಂದಾಗ ಮತ್ತೆ ಹೋಗಿ ಕಡ್ಡಿ ತರಬಹುದು. ಒಂದು ಕಟ್ಟಿನ ಮರ ಬಿದ್ದಿದೆ. ಮೂವತ್ತೆರಡು ಗಿಡವನ್ನೂ ಅದಕ್ಕೇ ಕೊಡುವುದು ಎಂದು ಮಾಷ್ಟ್ರು ನಿಶ್ಚಯಿಸಿದ್ದರು. ಹಲಸಿನ ಕಸಿ ಹಿಡಿಯುವುದು ಕಷ್ಟ. ಮರದಲ್ಲೇ ಎಲೆ ತೆಗೆದು ಎಂಟು ದಿನ ಬಿಟ್ಟು ಕತ್ತರಿಸಿದ ಕಡ್ಡಿಯೇ ಎಷ್ಟೋ ಸಲ ಕೈ ಕೊಡುತ್ತದೆ, ಇದು ಬಿದ್ದ ಮರದ್ದು. ಹೆಚ್ಚು ಕಟ್ಟಿದರೆ ಒಂದಾದರೂ ಹಿಡಿದೀತು.

ಆದರೆ ಆ ಕಟ್ಟು ಯಾವುದು?

"ಮಾಷ್ಟ್ರೇ, ನೂಲು ಕಟ್ಟಿದ್ದು ನೀವೇ ಅಲ್ವಾ. ನೆನಪಿಲ್ವಾ?"

"ನೆನಪಿಟ್ಟುಕೊಳ್ಳುದು ಬೇಡ ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು" ಎಂದರು ಮಾಷ್ಟ್ರು. "ಒಂದೇ ದಿನ ಒಂಬತ್ತು ಕಟ್ಟಿದೆ. ಪರದೆ ನೋಡುದು, ನೂಲು ಹಾಕುದು."

ರಿಕ್ಷಾದವರ ಕಡೆ ತಿರುಗಿದೆ. "ನಿಮ್ಮ ಮರದ ಕಡ್ಡಿ ನಿಮಗೆ ಗೊತ್ತಾಗುದಿಲ್ವಾ?"

"ಹಣ್ಣು ಕೊಡಿ, ಕಣ್ಣು ಕಟ್ಟಿ ಹೇಳ್ತೇನೆ. ಕಡ್ಡಿ ನೋಡಿ ಹಲಸು ತಿಂದವ ಯಾರಿದ್ದಾನೆ?"

ಕಸಿ ಅಕ್ಕ ಆಗಲೇ ಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಮೊಗ್ಗಿನ ಆಕಾರ ನೋಡಿ, ತೊಗಟೆಯನ್ನು ಉಗುರಿನಿಂದ ಕೆರೆದು, ಆರು ಕಟ್ಟುಗಳನ್ನು ಬೇರೆ ಇಟ್ಟಿದ್ದರು. ಆ ಆರೂ ಅವರು ಮೊದಲು ಕಸಿ ಕಟ್ಟಿದ ಮರಗಳದ್ದು, ಕೈಗೆ ಪರಿಚಯ ಇದ್ದದ್ದು. ಉಳಿದ ಮೂರು ಕಟ್ಟು ಅವರಿಗೂ ಹೊಸತು. ಮೂರೂ ಕಡಬದ ಕಡೆಯಿಂದ ಅದೇ ದಿನ ಬಂದದ್ದು. ಒಂದಕ್ಕೆ ಹಳದಿ ನೂಲು ಮೇಲೆ, ನೀಲಿ ಕೆಳಗೆ. ಇನ್ನೊಂದಕ್ಕೆ ನೀಲಿ ಮೇಲೆ, ಬಿಳಿ ಕೆಳಗೆ. ಮತ್ತೊಂದಕ್ಕೆ ಬಿಳಿ ಮೇಲೆ, ನೀಲಿ ಕೆಳಗೆ.

"ನಿಮಗೆ ಗೊತ್ತಿಲ್ಲದ್ದೂ ಉಂಟಾ?" ಎಂದು ಮಾಷ್ಟ್ರು ಅವರನ್ನು ಕೆಣಕಿದರು.

"ನೋಡದ ಮದುಮಗಳನ್ನು ಗುರುತು ಹಿಡಿ ಅಂದ್ರೆ ಹೇಗೆ ಹಿಡಿಯುದು ಮಾಷ್ಟ್ರೇ. ಸುಮ್ಮನೆ ಹೇಳಿದ್ರೆ ತಪ್ಪಾಗ್ತದೆ."

ನಾನು ಪೆನ್‌ಡ್ರೈವ್ ಚುಚ್ಚಿದೆ. ಎರಡು ನಿಮಿಷದ ಕೆಲಸ ಎಂದು ಹೇಳಿಯೂ ಬಿಟ್ಟೆ. ಆದೇಶ ಕೊಟ್ಟೆ. ಯಶಸ್ವಿಯಾಗಿ ಇನ್‌ಸ್ಟಾಲ್ ಆಗಿದೆ ಎಂದು ಬಂತು. ಹ್ಯಾಶ್ ತೆಗೆದೆ. ಮಾಷ್ಟ್ರ ಪ್ರೋಗ್ರಾಮಿನ ಗುಂಡಿ ಒತ್ತಿದೆ. ನೋ ಮಾಡ್ಯೂಲ್ ನೇಮ್ಡ್ ಕಲರಾಮ.

ಮತ್ತೆ ಹಾಕಿದೆ. ಈಗ ಅದು, ಆಗಲೇ ಇದೆಯಲ್ಲ, ಮತ್ತೆ ಯಾಕೆ ಹಾಕುತ್ತೀ ಎನ್ನುವ ಅರ್ಥದ ಸಾಲು ತೋರಿಸಿತು. ಗುಂಡಿ ಒತ್ತಿದೆ. ಇಲ್ಲ ಎಂದಿತು. ಅದೇ ಯಂತ್ರ, ಒಂದು ಬಾಯಲ್ಲಿ ಉಂಟು ಅನ್ನುತ್ತದೆ, ಇನ್ನೊಂದು ಬಾಯಲ್ಲಿ ಇಲ್ಲ ಅನ್ನುತ್ತದೆ. ತೆಗೆದು ಹಾಕಿದೆ. ಬಂದ್ ಮಾಡಿ ಆನ್ ಮಾಡಿದೆ. ಕಂಪ್ಯೂಟರಿನವರಿಗೆ ಬೇರೆ ಮಂತ್ರ ಬಾರದಿದ್ದಾಗ ಹೇಳುವ ಮಂತ್ರ ಅದು. ಆಗಲಿಲ್ಲ. ರಿಕ್ಷಾದವರು ಜಗಲಿಯ ಕಂಬಕ್ಕೆ ಒರಗಿ ನನ್ನ ಬೆರಳನ್ನೇ ನೋಡುತ್ತಿದ್ದರು, ಡಾಕ್ಟರ ಬಾಯಿ ನೋಡುವ ಹಾಗೆ.

"ಒಂದು ಕೆಲಸ ಮಾಡುವಾ" ಎಂದರು ಮಾಷ್ಟ್ರು. "ಗೊತ್ತಿಲ್ಲದ ಮೂರು ಕಟ್ಟಿಗೂ ಗಿಡ ಹಂಚುವಾ. ಹತ್ತು, ಹತ್ತು, ಹನ್ನೆರಡು."

ರಿಕ್ಷಾದವರು "ಆಯ್ತು ಮಾಷ್ಟ್ರೇ, ನಿಮ್ಮ ಇಷ್ಟ" ಎಂದರು. ಆ ಆಯ್ತು ನನಗೆ ಬೈದದ್ದಕ್ಕಿಂತ ಜೋರಾಗಿ ಕೇಳಿಸಿತು. ಹತ್ತು ಕಡ್ಡಿಯಲ್ಲಿ ಒಂದೂ ಹಿಡಿಯದೆ ಹೋಗಬಹುದು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತು.

ಕಸಿ ಅಕ್ಕ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವರ ಕೈಯಲ್ಲಿ ಒಂದು ಕಾಗದ ಇತ್ತು. ಬೆಳಿಗ್ಗೆ ಹ್ಯಾಶ್ ಹಾಕಿ ಪ್ರೋಗ್ರಾಂ ಓಡಿಸಿದಾಗ ಪರದೆಯಲ್ಲಿ ಬಂದ ಕಸವನ್ನೆಲ್ಲ ಮಾಷ್ಟ್ರು ತಮ್ಮ ಬೋರ್ಡಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಮರದ ಹೆಸರನ್ನು ಕನ್ನಡದಲ್ಲಿ, ಅದರ ಎದುರು ಬಾಣ, ಬ್ರಾಕೆಟು, ನಂಬ್ರ, ಎಂ, ಒಂದನ್ನೂ ಬಿಡದೆ. ಮಾಷ್ಟ್ರಿಗೆ ಅದು ಯಾಕೆ ಎಂದು ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಅವರ ಚಾಳಿ.

"ಈ ನಂಬ್ರ ಎಂತದ್ದು ಮಾಷ್ಟ್ರೇ?"

"ಬಣ್ಣದ್ದೇ ಇರ್ಬೇಕು. ಪುಸ್ತಕ ನೋಡಿ ಹಾಕಿದ್ದು, ಯಾವುದು ಯಾವ ಬಣ್ಣ ಅಂತ ಈಗ ನೆನಪಿಲ್ಲ. ಪುಸ್ತಕ ಸೋದರಳಿಯ ತೆಕ್ಕೊಂಡು ಹೋಗಿದ್ದಾನೆ."

ನನಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಕಂಪ್ಯೂಟರ್ ಬಿಚ್ಚಿದವಳು, ಅಂಥ ನಂಬ್ರಗಳನ್ನು ಎಷ್ಟೋ ಸಲ ಕಂಡು, ಕಸ ಎಂದು ಬದಿಗೆ ತಳ್ಳಿದವಳು.

ಅಕ್ಕ ಕಾಗದವನ್ನು ಚಾಪೆಯ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ಬ್ಲೇಡಿನ ಪೊಟ್ಟಣ ಇಟ್ಟರು. ತಮಗೆ ಪರಿಚಯ ಇದ್ದ ಕಟ್ಟುಗಳನ್ನು ಒಂದೊಂದಾಗಿ ತಂದು ಕಾಗದದಲ್ಲಿ ಆಯಾ ಮರದ ಹೆಸರಿನ ಪಕ್ಕ ಇಡತೊಡಗಿದರು. ನಾನು ಕೀಬೋರ್ಡ್ ಬಿಟ್ಟು ನೋಡಿದೆ.

"ಇದು ಕೆದಂಬಾಡಿ ಬಾವಿಕಟ್ಟೆಯದ್ದು. ಹಳದಿ ಮೇಲೆ, ಹಸಿರು ಕೆಳಗೆ. ನಂಬ್ರ ಮೂವತ್ತಮೂರು, ನಲವತ್ತೆರಡು." ಇನ್ನೊಂದನ್ನು ಇಟ್ಟರು. "ಇದು ಇಲ್ಲಿಯ ಶಾಲೆ ಹಿಂದಿನದ್ದು. ಹಳದಿ ಮೇಲೆ, ಕೆಂಪು ಕೆಳಗೆ. ಮೂವತ್ತಮೂರು, ನಲವತ್ತೊಂದು."

ಸ್ವಲ್ಪ ತಡೆದು, "ಎರಡರಲ್ಲೂ ಹಳದಿ ಉಂಟು, ಎರಡರಲ್ಲೂ ಮೂವತ್ತಮೂರು ಉಂಟು" ಎಂದರು.

ಮಾಷ್ಟ್ರು ಕುರ್ಚಿಯಲ್ಲಿ ಮುಂದೆ ಬಾಗಿದರು.

"ಹಾಗಾದ್ರೆ ನಲವತ್ತೆರಡು ಹಸಿರು, ನಲವತ್ತೊಂದು ಕೆಂಪು" ಎಂದು ಅಕ್ಕ ಮೂರನೆಯದನ್ನು ಇಟ್ಟರು. "ಇದಕ್ಕೆ ಕೆಂಪು ಮೇಲೆ, ಬಿಳಿ ಕೆಳಗೆ. ನಂಬ್ರ ಮೂವತ್ತೊಂದು, ನಲವತ್ತೇಳು. ಆಚೆದ್ದರಲ್ಲಿ ಕೆಂಪು ನಲವತ್ತೊಂದು, ಇದರಲ್ಲಿ ಕೆಂಪು ಮೂವತ್ತೊಂದು. ಮಾಷ್ಟ್ರೇ, ಹಿಂದಿನ ಅಂಕೆ ಬಣ್ಣದ್ದು. ಎದುರಿನ ಅಂಕೆ ಜಾಗೆದ್ದು. ಮೂರು ಬಂದ್ರೆ ಮೇಲೆ, ನಾಲ್ಕು ಬಂದ್ರೆ ಕೆಳಗೆ."

ಅಕ್ಕ ಉಳಿದ ಪರಿಚಯದ ಕಟ್ಟುಗಳನ್ನೂ ಇಟ್ಟು ನೋಡಿದರು. ಒಂದೂ ತಪ್ಪಲಿಲ್ಲ.

ಮೂವತ್ತು ಎಂದರೆ ಅಕ್ಷರಕ್ಕೆ, ನಲವತ್ತು ಎಂದರೆ ನೆಲಕ್ಕೆ, ಬಿಡಿಯ ಅಂಕೆ ಬಣ್ಣಕ್ಕೆ. ಇದು ಪ್ರಪಂಚದ ಕಂಪ್ಯೂಟರುಗಳೆಲ್ಲ ಪಾಲಿಸುವ ನಿಯಮ ಎಂದು ನಾನು ಆಮೇಲೆ ಓದಿ ತಿಳಿದೆ. ನಾನು ಅಕ್ಷರ ಕಲಿಯುವ ಮೊದಲೇ, ಎಲ್ಲಿಯೋ, ಯಾರೋ ಹತ್ತು ಜನ ಮೇಜಿನ ಸುತ್ತ ಕೂತು ಮಾಡಿದ ನಿಯಮ ಇರಬೇಕು. ಅದನ್ನು ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಹೆಂಗಸು, ಕಂಪ್ಯೂಟರಿನ ಕಡೆ ಬೆನ್ನು ಹಾಕಿ, ಟೈಲರನ ನೂಲು ಹಿಡಿದುಕೊಂಡು, ನಾನು ಮೂರು ಸಲ ಅದೇ ಆದೇಶ ಕೊಡುವಷ್ಟರಲ್ಲಿ ಬಿಡಿಸಿದ್ದರು. ಯಾರೂ ಹೇಳಿಕೊಡಲಿಲ್ಲ. ಗೊತ್ತಿದ್ದದ್ದನ್ನು ಮೊದಲು ಇಟ್ಟು, ಅದರ ಪಕ್ಕ ಗೊತ್ತಿಲ್ಲದ್ದನ್ನು ಇಟ್ಟರು. ಅಷ್ಟೇ ಮಾಡಿದ್ದು.

ನಮ್ಮ ಮಾಷ್ಟ್ರ ಮುಖ ನೋಡಬೇಕಿತ್ತು. "ನೀವು ನನ್ನ ಕ್ಲಾಸಿನಲ್ಲಿ ಎಂತಕ್ಕೆ ಇರಲಿಲ್ಲ ಮಾರಾಯ್ತಿ?" ಎಂದರು.

"ನೀವು ಕಲಿಸುವ ಕಾಲಕ್ಕೆ ನಾನು ನಿಮ್ಮ ತೋಟಕ್ಕೇ ಕೆಲಸಕ್ಕೆ ಬರ್ತಿದ್ದೆ" ಎಂದು ಅಕ್ಕ ತಲೆ ಎತ್ತದೆ ಹೇಳಿದರು.

ಮಾಷ್ಟ್ರು ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಅವರ ಎದುರು ಕೂತರು.

ಇನ್ನು ಉಳಿದದ್ದು ಮೂರು ಕಟ್ಟು, ಕಾಗದದಲ್ಲಿ ಮೂರು ಸಾಲು. ಮೂವತ್ತಮೂರು, ನಲವತ್ತನಾಲ್ಕು ಎಂದಿದ್ದ ಮರಕ್ಕೆ ಹಳದಿ ಮೇಲೆ ಬರಬೇಕು. ಹಳದಿಯ ಕಟ್ಟು ಒಂದೇ ಇತ್ತು, ಅದರ ಕೆಳಗಿನ ನೂಲು ನೀಲಿ. ಅಲ್ಲಿಗೆ ನಾಲ್ಕು ಎಂದರೆ ನೀಲಿ ಎಂದಾಯಿತು. ಏಳು ಎಂದರೆ ಬಿಳಿ ಎಂದು ಮೊದಲೇ ಗೊತ್ತು. ಉಳಿದ ಎರಡೂ ಕಟ್ಟಿನಲ್ಲಿ ನೀಲಿ, ಬಿಳಿ ಎರಡೂ ಇವೆ, ಮೇಲೆ ಕೆಳಗೆ ಮಾತ್ರ ಬೇರೆ.

"ನಿಮ್ಮದು ಯಾವ ನಂಬ್ರ?" ಎಂದು ಅಕ್ಕ ರಿಕ್ಷಾದವರನ್ನು ಕೇಳಿದರು, ಬಸ್ಸಿನ ಟಿಕೆಟ್ ಕೇಳಿದ ಹಾಗೆ.

ರಿಕ್ಷಾದವರು ಬಾಗಿ ಕಾಗದ ಓದಿದರು. ತಮ್ಮ ಮರದ ಹೆಸರಿನ ಮೇಲೆ ಬೆರಳು ಇಟ್ಟರು. "ಮೂವತ್ತನಾಲ್ಕು. ನಲವತ್ತೇಳು."

"ನೀಲಿ ಮೇಲೆ, ಬಿಳಿ ಕೆಳಗೆ. ಇಕೊಳ್ಳಿ." ಅಕ್ಕ ಕಟ್ಟನ್ನು ಎತ್ತಿ ಅವರ ಕೈಗೆ ಕೊಟ್ಟರು.

ಅವರು ಅದನ್ನು ಹಿಡಿದುಕೊಂಡರು. ಮೂಸಿ ನೋಡಿದರು. ಬೋಳು ಕಡ್ಡಿಯಲ್ಲಿ ಏನು ವಾಸನೆ ಇರುತ್ತದೋ ನನಗೆ ಗೊತ್ತಿಲ್ಲ. "ಇದೇಯಾ ಅಕ್ಕ? ಖಂಡಿತವಾ?"

ಅಕ್ಕ ಆಗ ನನ್ನ ಕಡೆ ತಿರುಗಿದರು. "ನನ್ನ ಲೆಕ್ಕ ಸರಿ ಉಂಟು. ಆದರೆ ಬಿದ್ದ ಮರದ್ದು, ಒಂದು ಸಲ ತಪ್ಪಿದ್ರೆ ಮತ್ತೆ ಇಲ್ಲ. ನೀವು ಆ ಬಣ್ಣ ತಂದು ತೋರಿಸಿ ಮೇಡಂ. ಅದು ನೋಡಿಯೇ ಬ್ಲೇಡು ಹಿಡಿಯುದು."

ಇಷ್ಟು ಬಿಡಿಸಿದವರೂ ತಮ್ಮ ಲೆಕ್ಕವನ್ನು ಇನ್ನೊಂದು ಸಲ ತಾಳೆ ನೋಡದೆ ಬ್ಲೇಡು ಹಿಡಿಯುವುದಿಲ್ಲ ಎಂದರು. ನಾನಾದರೆ ಹಿಗ್ಗಿನಲ್ಲಿ ಕತ್ತರಿಸಿಯೇ ಬಿಡುತ್ತಿದ್ದೆ. ಹೀಗೇ ಅಲ್ಲವೇ ಸಿ ಡ್ರೈವ್ ಅಳಿಸಿದ್ದು.

ನನಗೆ ನಾಚಿಕೆಯಾಯಿತು. ಅವರ ಹಾಗೆಯೇ ಮಾಡಿದೆ. ಮತ್ತೆ ಮತ್ತೆ ಅದೇ ಗುಂಡಿ ಒತ್ತುವುದನ್ನು ನಿಲ್ಲಿಸಿ, ಗೊತ್ತಿದ್ದದ್ದು ಏನು ಎಂದು ಬರೆದೆ. ಒಂದು, ಮಾಡ್ಯೂಲ್ ಇನ್‌ಸ್ಟಾಲ್ ಆಗಿದೆ, ಅದು ಸುಳ್ಳು ಹೇಳುವುದಿಲ್ಲ. ಎರಡು, ಮಾಷ್ಟ್ರ ಪ್ರೋಗ್ರಾಮಿಗೆ ಅದು ಸಿಗುತ್ತಿಲ್ಲ, ಅದೂ ಸುಳ್ಳಲ್ಲ. ಎರಡೂ ನಿಜ ಆಗಬೇಕಾದರೆ ಇವರಿಬ್ಬರೂ ಒಂದೇ ಮನೆಯಲ್ಲಿ ಇಲ್ಲ.

ಮಾಷ್ಟ್ರ ಗುಂಡಿಯ ಮೇಲೆ ಬಲಗಡೆ ಒತ್ತಿ, ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಡಿ ಡ್ರೈವ್. ಸೋದರಳಿಯ ಯಾವಾಗಲೋ ಡಿ ಡ್ರೈವಿನಲ್ಲಿ ಹಾಕಿಕೊಟ್ಟ ಹಳೆಯ ಪೈಥಾನ್ ಅಲ್ಲಿಯೇ ಇತ್ತು. ನಾನು ಸಿ ಮಾತ್ರ ಅಳಿಸಿದ್ದರಿಂದ ಅದು ಉಳಿದಿತ್ತು. ಅದರ ಬಣ್ಣದ ಮಾಡ್ಯೂಲ್ ಮಾತ್ರ ಸಿ ಡ್ರೈವಿನ ಯಾವುದೋ ಮೂಲೆಯಲ್ಲಿ ಇದ್ದು ನನ್ನ ಕೈಯಲ್ಲಿ ಸತ್ತಿತ್ತು. ಈಗ ನಾನು ಹಾಕುತ್ತಾ ಇದ್ದದ್ದು ನಾನೇ ಹಾಕಿದ ಹೊಸ ಪೈಥಾನಿಗೆ. ಮಾಷ್ಟ್ರು ಓಡಿಸುತ್ತಾ ಇದ್ದದ್ದು ಹಳೆಯದನ್ನು. ಆಚೆ ಮನೆಯಲ್ಲಿ ಬಡಿಸಿ, ಈಚೆ ಮನೆಯವನಿಗೆ ಹಸಿವು ಯಾಕೆ ಹೋಗಲಿಲ್ಲ ಎಂದು ಕೇಳಿದ ಹಾಗೆ.

ಡಿ ಡ್ರೈವಿನ ಪೈಥಾನನ್ನೇ ಹೆಸರು ಹಿಡಿದು ಕರೆದು, ಅದರ ಕೈಯಿಂದಲೇ ಪೆನ್‌ಡ್ರೈವಿನ ಕಡತ ಹಾಕಿಸಿದೆ. ಗುಂಡಿ ಒತ್ತಿದೆ.

ಕಪ್ಪು ಕಿಟಕಿ ತೆರೆಯಿತು. ಹಳದಿ ಹಸಿರು, ಹಳದಿ ಕೆಂಪು, ಕೆಂಪು ಬಿಳಿ, ಮೇಲಿನಿಂದ ಕೆಳಗಿನವರೆಗೆ ಒಂಬತ್ತು ಸಾಲು. ಬಾಣವೂ ಇಲ್ಲ, ನಂಬ್ರವೂ ಇಲ್ಲ. ರಿಕ್ಷಾದವರ ಮರದ ಸಾಲು ಎಲ್ಲಿದೆ ಎಂದು ನಾನು ಹುಡುಕುವ ಮೊದಲೇ ಅವರ ಬೆರಳು ಪರದೆಯನ್ನು ಮುಟ್ಟಿತ್ತು. ಬಿಳಿ ಪಟ್ಟಿಯ ಮೇಲೆ ನೀಲಿ ಅಕ್ಷರ.

ಅಕ್ಕ ನೋಡಿದರು. ತಲೆ ಆಡಿಸಿದರು. ಬ್ಲೇಡಿನ ಕಾಗದ ಬಿಚ್ಚಿದರು. ಅವರಿಗೆ ಅದು ಅಷ್ಟೇ.

ಅಂದು ಮಧ್ಯಾಹ್ನ ಊಟದವರೆಗೆ ಮತ್ತು ಊಟದ ಮೇಲೆ ಮೂವತ್ತೆರಡು ಕಸಿ ಕಟ್ಟುವುದನ್ನು ಅಂಗಳದ ಮೆಟ್ಟಿಲಲ್ಲಿ ಕೂತು ನೋಡಿದೆ. ಗಿಡದ ತಲೆ ಕತ್ತರಿಸಿ, ನಡುವೆ ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಚೂಪು ಮಾಡಿ, ಸೀಳಿನೊಳಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲದ ಟೊಪ್ಪಿ ಹಾಕುವುದು. ಒಂದಕ್ಕೆ ಎರಡು ನಿಮಿಷ ಹಿಡಿಯುವುದಿಲ್ಲ. ಹಾಲು ಸೋರುವ ಮೊದಲು ಎರಡು ಗಾಯಗಳು ಒಂದಾಗಬೇಕು. ರಿಕ್ಷಾದವರು ಒಂದೊಂದೇ ಕಡ್ಡಿ ಎತ್ತಿ ಕೊಡುತ್ತಿದ್ದರು. ಅಂದಿನ ಬಾಡಿಗೆಯೆಲ್ಲ ಬಿಟ್ಟಿದ್ದರು. ದರ್ಬೆಯಲ್ಲಿ ನನ್ನ ಅಂಗಡಿಯ ಎದುರು ಎಷ್ಟು ಜನ ಬೈದು ಹೋದರೋ ನನಗೂ ಗೊತ್ತಿಲ್ಲ.

ಸುಮಾರು ಒಂದು ತಿಂಗಳ ಮೇಲೆ ಮಾಷ್ಟ್ರ ಫೋನು. ಪುನಃ ಏನು ಹೋಯಿತೋ ಎಂದು ಹೆದರಿಕೊಂಡೇ ಎತ್ತಿದೆ.

"ಮೂವತ್ತೆರಡರಲ್ಲಿ ಐದು ಚಿಗುರಿದೆ ಮಾರಾಯ್ರೆ" ಎಂದರು.

ಐದು. ಹತ್ತು ಗಿಡ ಮಾತ್ರ ಕೊಟ್ಟಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ. ಒಂದು ಅಥವಾ ಎರಡು, ಅಥವಾ ಒಂದೂ ಇಲ್ಲ.

ರಿಕ್ಷಾದವರು ಬಂದು ಎರಡನ್ನು ಕೊಂಡುಹೋಗಿ ಮನೆಯ ಹಿಂದುಗಡೆ, ಯಾವ ರಸ್ತೆ ಎಷ್ಟು ಅಗಲವಾದರೂ ಮುಟ್ಟದ ಕಡೆ ನೆಟ್ಟಿದ್ದಾರಂತೆ. ಎರಡು ಮಾಷ್ಟ್ರ ಅಂಗಳದಲ್ಲೇ ಉಳಿದವಂತೆ. ಒಂದನ್ನು ಕಸಿ ಅಕ್ಕನೇ ಕೇಳಿ ತೆಗೆದುಕೊಂಡರಂತೆ. ಯಾಕೆ ಎಂದು ಮಾಷ್ಟ್ರು ಕೇಳಿದ್ದಕ್ಕೆ, "ನನಗೆ ಆ ಸೊಳೆ ತಿಂದು ನೋಡ್ಬೇಕು, ಇಷ್ಟು ಜನರನ್ನು ಕುಣಿಸಿದ ಹಲಸು ಹೇಗುಂಟು ಅಂತ" ಎಂದರಂತೆ. ಹಣ್ಣಾಗಲು ನಾಲ್ಕೈದು ವರ್ಷ ಬೇಕು. ಅಕ್ಕ ಕಾಯುತ್ತಾರೆ, ಅವರಿಗೆ ಅವಸರ ಇಲ್ಲ.

ಇಷ್ಟು ನನ್ನದಾಯಿತು. ಈಗ ನೀವು ಹೇಳಿ. ಇದರಿಂದ ಏನು ಉಪಯೋಗ ಎಂದು ನೀವು ತೆಗೆದುಹಾಕಿದ್ದೇ ಇನ್ನೊಬ್ಬರ ಕೈಕಾಲು ಆಗಿತ್ತೇ? ನಿಮಗೆ ಕಸವಾಗಿ ಕಂಡದ್ದನ್ನು, ನೀವು ಲೆಕ್ಕಕ್ಕೇ ಹಿಡಿಯದ ಒಬ್ಬರು ಎದುರು ಕೂತು ಓದಿ ತೋರಿಸಿದ್ದು ಇದೆಯೇ? ಕಂಪ್ಯೂಟರಿನದ್ದೇ ಆಗಬೇಕೆಂದಿಲ್ಲ, ಅಡಿಗೆಮನೆಯದ್ದೂ ಆದೀತು, ಗ್ಯಾರೇಜಿನದ್ದೂ ಆದೀತು. ಕೆಳಗೆ ಬರೆಯಿರಿ. ಹೆಸರು ಹಾಕಲು ನಾಚಿಕೆಯಾದರೆ ಹೆಸರು ಬೇಡ, ತಪ್ಪು ಮಾತ್ರ ಪೂರ್ತಿ ಬರೆಯಿರಿ. ನಾನು ಒಂದನ್ನೂ ಬಿಡದೆ ಓದುತ್ತೇನೆ.